ಬೇಸರದ ಕೆಲಸ ಮಾಡುವವರು ಯಾರು?

(ಶಿವಮೊಗ್ಗದ ಓದುಗರ ಬಳಗವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟದಲ್ಲಿ ಬಿಟ್ಟುಹೋದ ಒಂದೆರಡು ವಿವರಗಳನ್ನು ಈಗ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಮಳೆ ಹಿಡಿದುಕೊಂಡಿದೆ, ಆದರೂ ಇಷ್ಟು ಜನ ಬಂದಿದ್ದೀರಿ. ತುಂಬಾ ಖುಷಿಯಾಯಿತು.

ಅಮೆರಿಕದ ರಾಜಕೀಯ ಮತ್ತು ಅಲ್ಲಿನ ಸಿನಿಮಾ, ಟಿವಿ ತಾರೆಯರ ಬಗ್ಗೆ ಮಾತಾಡಿ ಅಂದಿದ್ದೀರಿ. ಇವೆರಡೂ ಬೇರೆ ಬೇರೆ ವಿಷಯ ಅಂತ ಹತ್ತು ವರ್ಷದ ಹಿಂದೆ ನಾನೂ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಯಾಕೆ ಅಂತ ಹೇಳಲು ಒಂದು ದಿನದ ಕಥೆಯಿಂದ ಶುರು ಮಾಡುತ್ತೇನೆ.

2025ರ ಆಗಸ್ಟ್ 26, ಮಂಗಳವಾರ. ನಮ್ಮಲ್ಲಿ ಅವತ್ತು ಗೌರಿ ಹಬ್ಬ. ವಾಷಿಂಗ್ಟನ್‌ನಲ್ಲಿ ಅಧ್ಯಕ್ಷ ಟ್ರಂಪ್ ಸಂಪುಟ ಸಭೆ ಕರೆದಿದ್ದರು. ಸಂಪುಟ ಸಭೆ ಅಂದರೆ ಬಾಗಿಲು ಹಾಕಿಕೊಂಡು ಮಾತಾಡುವುದು ಅಂತ ನಾವು ತಿಳಿದಿದ್ದೇವೆ ಅಲ್ವಾ? ಇದು ಪೂರ್ತಿ ಟಿವಿಯಲ್ಲಿ ಬಂತು. ಮೂರು ಗಂಟೆಗೂ ಮೇಲೆ ನಡೆಯಿತು. ಮೇಜಿನ ಸುತ್ತ ಕೂತ ಮಂತ್ರಿಗಳು ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು. ಬಹುತೇಕ ಎಲ್ಲರ ಮಾತೂ ಅಧ್ಯಕ್ಷರ ಹೊಗಳಿಕೆಯಿಂದಲೇ ಶುರು.

ಆ ಸಭೆ ನಡೆಯುತ್ತಿದ್ದಾಗಲೇ ಗಾಯಕಿ ಟೇಲರ್ ಸ್ವಿಫ್ಟ್ ಮತ್ತು ಫುಟ್‌ಬಾಲ್ ಆಟಗಾರ ಟ್ರಾವಿಸ್ ಕೆಲ್ಸಿ ಇನ್‌ಸ್ಟಾಗ್ರಾಂನಲ್ಲಿ ಒಂದು ಫೋಟೋ ಹಾಕಿದರು. ಹೂವಿನ ತೋಟ, ಮಂಡಿಯೂರಿದ ಹುಡುಗ, ಉಂಗುರ. ನಿಮ್ಮ ಇಂಗ್ಲಿಷ್ ಟೀಚರೂ ಪಿ.ಟಿ. ಮೇಷ್ಟ್ರೂ ಮದುವೆಯಾಗುತ್ತಿದ್ದಾರೆ ಅಂತ ಕೆಳಗೆ ಒಂದು ಸಾಲು. ಸಂಪುಟ ಸಭೆಯಲ್ಲಿದ್ದ ಪತ್ರಕರ್ತರು ಈ ಸುದ್ದಿ ಹೇಳಿ ಅಧ್ಯಕ್ಷರ ಅಭಿಪ್ರಾಯ ಕೇಳಿದರು. ಹಿಂದಿನ ವರ್ಷ ಇದೇ ಟೇಲರ್ ಸ್ವಿಫ್ಟ್‌ಳನ್ನು ಕಂಡರೆ ನನಗಾಗದು ಅಂತ ದೊಡ್ಡಕ್ಷರದಲ್ಲಿ ಬರೆದಿದ್ದ ಟ್ರಂಪ್ ಅವತ್ತು ಇಬ್ಬರಿಗೂ ಒಳ್ಳೆಯದಾಗಲಿ ಅಂದರು. ಅದೂ ಸುದ್ದಿಯಾಯಿತು. ಲೋಕದ ಮೊಬೈಲ್‌ಗಳೆಲ್ಲ ಆ ಹೂವಿನ ತೋಟದಿಂದ ತುಂಬಿಹೋದವು.

ಅವತ್ತು ರಾತ್ರಿ ಅಲ್ಲಿ ಹನ್ನೆರಡು ದಾಟಿ ಒಂದು ನಿಮಿಷಕ್ಕೆ ಭಾರತದಿಂದ ಹೋಗುವ ಸರಕಿನ ಮೇಲೆ 50 ಪರ್ಸೆಂಟ್ ಸುಂಕ ಜಾರಿಗೆ ಬಂತು. ಮೊದಲೇ ಹಾಕಿದ್ದ 25ರ ಮೇಲೆ, ರಷ್ಯಾದಿಂದ ಎಣ್ಣೆ ಕೊಳ್ಳುತ್ತೀರಿ ಅಂತ ಇನ್ನೊಂದು 25. ನಮ್ಮಲ್ಲಿ ಆಗ ಗಣೇಶ ಚೌತಿಯ ಬೆಳಿಗ್ಗೆ ಒಂಬತ್ತೂವರೆ. ಮೊಬೈಲು, ಔಷಧಿಗಳನ್ನು ಆಗ ಬಿಟ್ಟಿದ್ದರು. ಬಟ್ಟೆ, ಚರ್ಮ, ಸಿಗಡಿ, ಒಡವೆ, ಪೀಠೋಪಕರಣ ಎಲ್ಲ ಸಿಕ್ಕಿಬಿದ್ದವು. ಬೆಂಗಳೂರಿನಲ್ಲಿ ಲಕ್ಷಾಂತರ ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ನಮ್ಮ ಊರಿನ ರಸ್ತೆಯಲ್ಲೂ ಬೆಳಿಗ್ಗೆ ಏಳಕ್ಕೆ ಗಾರ್ಮೆಂಟ್ಸ್ ಬಸ್ಸು ನಿಲ್ಲುತ್ತದೆ, ಟಿಫಿನ್ ಬಾಕ್ಸ್ ಹಿಡಿದು ಹತ್ತುವವರನ್ನು ನೀವೆಲ್ಲ ನೋಡಿದ್ದೀರಿ. ಅವರು ಹೊಲಿಯುವ ಅಂಗಿಗಳಲ್ಲಿ ಎಷ್ಟೋ ಅಮೆರಿಕದ ಅಂಗಡಿಗೆ ಹೋಗುತ್ತವೆ. ಟೇಲರ್ ಸ್ವಿಫ್ಟ್ ಮದುವೆ ಸುದ್ದಿ ಅವರಲ್ಲಿ ಹಲವರ ಮೊಬೈಲಿಗೂ ಅವತ್ತೇ ಬಂದಿರುತ್ತದೆ. ಸುಂಕದ ಸುದ್ದಿ ಎಷ್ಟು ಜನಕ್ಕೆ ಅರ್ಥವಾಗುವ ಹಾಗೆ ಬಂತು?

ಮದುವೆಯಾಗುವವರ ಮೇಲೆ ನನಗೆ ಯಾವ ದೂರೂ ಇಲ್ಲ. ಒಳ್ಳೆಯ ಸುದ್ದಿ ಅದು. ಸಂಪುಟ ಸಭೆಯೇ ಒಂದು ಟಿವಿ ಕಾರ್ಯಕ್ರಮವಾಗಿದೆಯಲ್ಲ, ನನ್ನ ಚಿಂತೆ ಅದರದ್ದು.

ಇಲ್ಲೊಂದು ಮಾತನ್ನು ಮೊದಲೇ ಬಿಡಿಸಿ ಹೇಳಿಬಿಡಬೇಕು. ನಟರು, ಹಾಡುಗಾರರು, ಆಟಗಾರರು ರಾಜಕೀಯಕ್ಕೆ ಬರಬಾರದು ಅನ್ನುವವನು ನಾನಲ್ಲ. ಬಣ್ಣ ಹಚ್ಚುವುದು ಕೀಳು ಕೆಲಸ ಅಂತ ನಮ್ಮ ಕಡೆ ಯಾರೂ ಹೇಳಲಾರರು. ರಾತ್ರಿಯಿಡೀ ಯಕ್ಷಗಾನ ನೋಡಿ ಬೆಳೆದವರು ನಾವು. ಬೆಳಗಿನ ಜಾವ ಚೌಕಿಗೆ ಹೋದರೆ, ಇಷ್ಟು ಹೊತ್ತು ಕೌರವನಾಗಿ ಗುಡುಗುತ್ತಿದ್ದ ಮನುಷ್ಯ ಕಿರೀಟ ಬಿಚ್ಚಿಟ್ಟು, ಕೊಬ್ಬರಿ ಎಣ್ಣೆ ಹಚ್ಚಿ ಮುಖದ ಬಣ್ಣ ಒರೆಸಿಕೊಳ್ಳುತ್ತಾ ಕೂತಿರುತ್ತಾನೆ. ಆಮೇಲೆ ಮೊದಲ ಬಸ್ಸು ಹತ್ತಿ ತೋಟದ ಕೆಲಸಕ್ಕೆ ಹೋಗುತ್ತಾನೆ. ವೇಷ ಯಾವುದು, ಕೆಲಸ ಯಾವುದು ಅಂತ ಅವನಿಗೆ ಗೊತ್ತು.

ರೊನಾಲ್ಡ್ ರೇಗನ್ ನಟರಾಗಿದ್ದರು. ಅವರ ಎಷ್ಟೋ ನೀತಿಗಳು ನನಗೆ ಒಪ್ಪಿಗೆಯಿಲ್ಲ. 1981ರಲ್ಲಿ ಮುಷ್ಕರ ಹೂಡಿದ 11 ಸಾವಿರಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ಒಂದೇ ಏಟಿಗೆ ಮನೆಗೆ ಕಳಿಸಿದವರು ಅವರು. ಆದರೆ ಅವರು ಬಂದ ದಾರಿ ನೋಡಿ. 1947ರಲ್ಲೇ ಹಾಲಿವುಡ್ ನಟರ ಸಂಘದ ಅಧ್ಯಕ್ಷರಾದರು. 1960ರಲ್ಲಿ ನಟರ ಮುಷ್ಕರ ನಡೆಸಿ, ನಿರ್ಮಾಪಕರ ಜೊತೆ ಚೌಕಾಸಿಗೆ ಕೂತು, ಪಿಂಚಣಿಯ ಏರ್ಪಾಡು ಮಾಡಿಸಿದರು. ಎಂಟು ವರ್ಷ ಜನರಲ್ ಎಲೆಕ್ಟ್ರಿಕ್ ಕಂಪನಿಯ ಟಿವಿ ಕಾರ್ಯಕ್ರಮ ನಡೆಸುತ್ತಾ, ಅದರ ನೂರಕ್ಕೂ ಹೆಚ್ಚು ಕಾರ್ಖಾನೆಗಳಿಗೆ ಹೋಗಿ ಕೆಲಸಗಾರರ ಎದುರು ನಿಂತು ಮಾತಾಡಿದರು, ಅವರ ಮಾತು ಕೇಳಿದರು. ಆಮೇಲೆ ಕ್ಯಾಲಿಫೋರ್ನಿಯಾದ ಗವರ್ನರ್, ಎಂಟು ವರ್ಷ. 1976ರಲ್ಲಿ ಅಧ್ಯಕ್ಷ ಪದವಿಗೆ ಪ್ರಯತ್ನಿಸಿ ಪಕ್ಷದೊಳಗೇ ಸೋತರು. 1981ರಲ್ಲಿ ಶ್ವೇತಭವನಕ್ಕೆ ಬರುವಾಗ ಅವರಿಗೆ ಸುಮಾರು 70 ವರ್ಷ. ಬಜೆಟ್ ಅಂದರೇನು, ಶಾಸಕರ ಹತ್ತಿರ ಹೇಗೆ ಕೆಲಸ ಮಾಡಿಸಿಕೊಳ್ಳಬೇಕು, ಎಲ್ಲಿ ಬಿಟ್ಟುಕೊಡಬೇಕು ಅನ್ನುವುದನ್ನು ಅಷ್ಟು ವರ್ಷ ಕಲಿತಿದ್ದರು.

ಉಕ್ರೇನಿನ ಜೆಲೆನ್‌ಸ್ಕಿಯೂ ಅಷ್ಟೇ. ಟಿವಿ ಧಾರಾವಾಹಿಯಲ್ಲಿ ಅಧ್ಯಕ್ಷನ ಪಾತ್ರ ಮಾಡಿದ ಹಾಸ್ಯ ನಟ, ನಂತರ ನಿಜವಾಗಿಯೂ ಅಧ್ಯಕ್ಷರಾದರು. 2022ರ ಫೆಬ್ರವರಿಯಲ್ಲಿ ರಷ್ಯಾದ ಸೈನ್ಯ ನುಗ್ಗಿದಾಗ ಕೀವ್ ಬಿಟ್ಟು ಓಡಲಿಲ್ಲ. ಮನುಷ್ಯ ಎಲ್ಲಿಂದ ಬಂದ ಅನ್ನುವುದಕ್ಕಿಂತ, ಬಂದ ಮೇಲೆ ಕುರ್ಚಿಯ ಕೆಲಸವನ್ನು ಏನೆಂದು ತಿಳಿದ ಅನ್ನುವುದೇ ಮುಖ್ಯ.

2025ರ ಫೆಬ್ರವರಿ 28ರಂದು ಇದೇ ಜೆಲೆನ್‌ಸ್ಕಿ ಓವಲ್ ಆಫೀಸಿನಲ್ಲಿ ಕೂತಿದ್ದರು. ಅವರ ದೇಶದಲ್ಲಿ ಜನ ಸಾಯುತ್ತಿದ್ದರು. ಕ್ಯಾಮೆರಾಗಳ ಮುಂದೆ ಟ್ರಂಪ್ ಮತ್ತು ಉಪಾಧ್ಯಕ್ಷ ವ್ಯಾನ್ಸ್ ಅವರ ಮೇಲೆ ಜೋರು ದನಿಯಲ್ಲಿ ಹರಿಹಾಯ್ದರು. ಕೊನೆಗೆ ಟ್ರಂಪ್ ಒಂದು ಮಾತು ಹೇಳಿದರು: ಇದು ಟಿವಿಯಲ್ಲಿ ಭರ್ಜರಿಯಾಗಿರುತ್ತದೆ. ಒಂದು ಯುದ್ಧದ ಮಾತುಕತೆ ಮುರಿದುಬಿದ್ದ ಗಳಿಗೆಯಲ್ಲಿ ಆಡಿದ ಮಾತು ಅದು. ಆ ವಿಡಿಯೋವನ್ನು ನಾನು ನಾಲ್ಕು ಸಲ ನೋಡಿದೆ. ನಾಲ್ಕನೇ ಸಲವೂ ಹೊಟ್ಟೆ ತೊಳೆಸಿದ ಹಾಗಾಯಿತು.

ಟ್ರಂಪ್ ಬಂದ ದಾರಿಯನ್ನೂ ನೋಡೋಣ. 2004ರ ಜನವರಿಯಲ್ಲಿ ಎನ್‌ಬಿಸಿ ವಾಹಿನಿಯಲ್ಲಿ 'ದಿ ಅಪ್ರೆಂಟಿಸ್' ಅನ್ನುವ ರಿಯಾಲಿಟಿ ಶೋ ಶುರುವಾಯಿತು. ಕೆಲಸ ಕೇಳಿ ಬಂದ ಹುಡುಗ ಹುಡುಗಿಯರಿಗೆ ಟಾಸ್ಕ್ ಕೊಡುವುದು, ವಾರದ ಕೊನೆಗೆ ಒಬ್ಬರನ್ನು ಮನೆಗೆ ಕಳಿಸುವುದು. ಕಳಿಸುವವರು ಟ್ರಂಪ್. ದೊಡ್ಡ ಮೇಜು, ಮಂದ ಬೆಳಕು, ಎತ್ತರದ ಕುರ್ಚಿ. ಆ ಬೋರ್ಡ್‌ರೂಮ್ ಟ್ರಂಪ್ ಟವರ್ ಒಳಗೆ ಶೋಗಾಗಿ ಕಟ್ಟಿದ ಸೆಟ್. ಅದೇ ವರ್ಷ ನವೆಂಬರಿನಲ್ಲಿ ಟ್ರಂಪ್ ಅವರ ಕ್ಯಾಸಿನೋ ಕಂಪನಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಹೊರಗೆ ಕಂಪನಿ ದಿವಾಳಿ, ಒಳಗೆ ಸೆಟ್ಟಿನಲ್ಲಿ ದೇಶದ ಅತಿ ಜಾಣ ವ್ಯಾಪಾರಿ. ಜನ ನೋಡಿದ್ದು ಸೆಟ್ಟನ್ನು. ಆ ಶೋದಿಂದ ಮತ್ತು ಅದು ತಂದ ಹೆಸರಿನಿಂದ ಅವರಿಗೆ 42 ಕೋಟಿ ಡಾಲರಿಗೂ ಹೆಚ್ಚು ಬಂತು ಅಂತ ನ್ಯೂಯಾರ್ಕ್ ಟೈಮ್ಸ್ 2020ರಲ್ಲಿ ಅವರ ತೆರಿಗೆ ದಾಖಲೆಗಳನ್ನು ನೋಡಿ ಬರೆಯಿತು. ಹನ್ನೊಂದು ವರ್ಷ ಪ್ರತಿ ವಾರ ಮನೆಯ ಹಜಾರಕ್ಕೆ ಬಂದು ತೀರ್ಪು ಕೊಟ್ಟು ಹೋದ ಮನುಷ್ಯ 2015ರ ಜೂನ್‌ನಲ್ಲಿ ಎಸ್ಕಲೇಟರ್ ಇಳಿದು ಬಂದು ನಾನು ಅಧ್ಯಕ್ಷನಾಗುತ್ತೇನೆ ಅಂದಾಗ, ಕೋಟ್ಯಂತರ ಜನರಿಗೆ ಅವರು ಮೊದಲೇ ಅಧ್ಯಕ್ಷರ ಹಾಗೆ ಕಂಡಿದ್ದರು. ಅದಕ್ಕೂ ಮೊದಲು ಅವರು ಒಂದು ಚುನಾವಣೆಯನ್ನೂ ಗೆದ್ದವರಲ್ಲ, ಒಂದು ಸರ್ಕಾರಿ ಹುದ್ದೆಯಲ್ಲೂ ಇದ್ದವರಲ್ಲ.

ಅವರಿಗೆ ವೋಟು ಹಾಕಿದವರನ್ನು ದಡ್ಡರು ಅನ್ನುವವರ ಜೊತೆ ನಾನು ಸೇರುವುದಿಲ್ಲ. ಕಾರ್ಖಾನೆ ಮುಚ್ಚಿದ ಊರುಗಳು, ಏರಿದ ಮನೆ ಬಾಡಿಗೆ, ತಮ್ಮ ಮಾತು ಕೇಳುವವರೇ ಇಲ್ಲ ಅನ್ನುವ ನೋವು, ಇವೆಲ್ಲ ನಿಜ. ಆ ನೋವಿಗೆ ಉತ್ತರವಾಗಿ ಸಿಕ್ಕಿದ್ದು ಮಾತ್ರ ಒಂದು ಶೋ.

ಎರಡನೇ ಅವಧಿಯ ನೇಮಕಗಳನ್ನು ನೋಡಿ. ರಕ್ಷಣಾ ಇಲಾಖೆಗೆ ಬಂದ ಪೀಟ್ ಹೆಗ್ಸೆತ್ ಸೈನ್ಯದಲ್ಲಿ ಸೇವೆ ಮಾಡಿದವರು ನಿಜ, ಆದರೆ ಜನ ಅವರನ್ನು ಕಂಡಿದ್ದು ಫಾಕ್ಸ್ ವಾಹಿನಿಯ ವಾರಾಂತ್ಯದ ಬೆಳಗಿನ ಶೋದಲ್ಲಿ. ನೇಮಕಕ್ಕೆ ಒಪ್ಪಿಗೆ ಕೊಡಬೇಕಾದ ಮೇಲ್ಮನೆ ಸೆನೆಟ್‌ನಲ್ಲಿ 50-50 ಆಗಿ, ಉಪಾಧ್ಯಕ್ಷರ ವೋಟಿನಿಂದ ಪಾರಾದರು. ಸಾರಿಗೆ ಇಲಾಖೆಯ ಶಾನ್ ಡಫಿ ಸಂಸದರಾಗಿದ್ದವರು, ಅದಕ್ಕೂ ಮೊದಲು ಎಂಟಿವಿಯ ರಿಯಾಲಿಟಿ ಶೋ ಹುಡುಗ, ಆಮೇಲೆ ಫಾಕ್ಸ್‌ನ ನಿರೂಪಕ. ಶಿಕ್ಷಣ ಇಲಾಖೆಗೆ ಕುಸ್ತಿ ಮನರಂಜನೆ ಕಂಪನಿ ಕಟ್ಟಿದ ಲಿಂಡಾ ಮೆಕ್‌ಮಹೋನ್. ವಯಸ್ಸಾದವರ ಮತ್ತು ಬಡವರ ಸರ್ಕಾರಿ ಆರೋಗ್ಯ ವಿಮೆಗಳಾದ ಮೆಡಿಕೇರ್, ಮೆಡಿಕೇಡ್ ನೋಡಿಕೊಳ್ಳುವ ಸಂಸ್ಥೆಗೆ ಡಾಕ್ಟರ್ ಮೆಹ್ಮೆತ್ ಆಜ್. ಆಜ್ ಒಳ್ಳೆಯ ಹೃದಯ ಶಸ್ತ್ರಚಿಕಿತ್ಸಕರು, ಅದನ್ನು ಅಲ್ಲಗಳೆಯಬಾರದು. ಆದರೆ ಟಿವಿಯಲ್ಲಿ ತೂಕ ಇಳಿಸುವ ಮಾತ್ರೆಗಳನ್ನು ಪವಾಡ ಅಂತ ಹೊಗಳಿ, 2014ರಲ್ಲಿ ಸೆನೆಟ್ ಸಮಿತಿಯ ಮುಂದೆ ಚೆನ್ನಾಗಿ ಬೈಸಿಕೊಂಡವರೂ ಅವರೇ. 15 ಕೋಟಿಗೂ ಹೆಚ್ಚು ಜನರ ಆರೋಗ್ಯ ವಿಮೆ ಈಗ ಆ ಸಂಸ್ಥೆಯ ಕೈಯಲ್ಲಿದೆ.

ಇಲ್ಲಿ ನಮ್ಮ ಕಡೆಯ ಒಬ್ಬರನ್ನು ನೆನೆಯಬೇಕು. ವಿವೇಕ್ ಮೂರ್ತಿ. ಮಂಡ್ಯದ ಹಳ್ಳೆಗೆರೆ ಮೂಲದ ಮನೆತನ. ಅಧ್ಯಕ್ಷ ಒಬಾಮಾ ಇವರನ್ನು ಸರ್ಜನ್ ಜನರಲ್, ಅಂದರೆ ಆರೋಗ್ಯದ ಬಗ್ಗೆ ದೇಶಕ್ಕೆ ಸಲಹೆ ಹೇಳುವ ಸರ್ಕಾರಿ ವೈದ್ಯರ ಹುದ್ದೆಗೆ 2013ರ ನವೆಂಬರಿನಲ್ಲಿ ಹೆಸರಿಸಿದರು. ಬಂದೂಕಿನ ಸಾವು ಆರೋಗ್ಯದ ಪ್ರಶ್ನೆಯೂ ಹೌದು ಅಂತ ಹಿಂದೆ ಒಮ್ಮೆ ಬರೆದಿದ್ದಕ್ಕೆ ಬಂದೂಕು ಲಾಬಿ ಅಡ್ಡ ನಿಂತಿತು. ಒಂದು ವರ್ಷಕ್ಕೂ ಹೆಚ್ಚು ಕಾದರು. 2014ರ ಡಿಸೆಂಬರಿನಲ್ಲಿ 51-43 ಮತಗಳಿಂದ ಒಪ್ಪಿಗೆ ಸಿಕ್ಕಿತು. ಬಂದು ಏನು ಮಾಡಿದರು? 2016ರಲ್ಲಿ, ಅಫೀಮು ಜಾತಿಯ ನೋವಿನ ಮಾತ್ರೆಗಳಿಂದ ಜನ ಸಾಯುತ್ತಿದ್ದಾಗ, ದೇಶದ 23 ಲಕ್ಷ ವೈದ್ಯರಿಗೆ, ನರ್ಸ್‌ಗಳಿಗೆ ಪತ್ರ ಬರೆದರು. ಮಾತ್ರೆ ಬರೆಯುವಾಗ ಏನೇನು ನೋಡಬೇಕು ಅನ್ನುವ ಒಂದು ಚಿಕ್ಕ ಕಾರ್ಡನ್ನು ಜೊತೆಗೆ ಸೇರಿಸಿದರು. ಜೇಬಿನಲ್ಲಿ ಹಿಡಿಯುವಷ್ಟು ಕಾರ್ಡು. ಅದರ ವಿಡಿಯೋ ಯಾರೂ ನೋಡಲಿಲ್ಲ, ನೋಡಲು ಅದರಲ್ಲಿ ಏನೂ ಇರಲಿಲ್ಲ. ಯಾವುದೋ ಊರಿನ ಡಾಕ್ಟರು ಮೂವತ್ತು ಮಾತ್ರೆ ಬರೆಯುವ ಬದಲು ಹತ್ತು ಬರೆದಿದ್ದರೆ, ಒಂದು ಮನೆಯ ಹುಡುಗ ಬದುಕಿಕೊಂಡಿದ್ದರೆ, ಆ ಕಾರ್ಡಿನ ಕೆಲಸ ಆಯಿತು.

ಅದೇ ಹುದ್ದೆಗೆ ಟ್ರಂಪ್ ಈ ಸಲ ಮೊದಲು ಹೆಸರಿಸಿದ್ದು ಫಾಕ್ಸ್‌ನಲ್ಲಿ ಬರುತ್ತಿದ್ದ ಒಬ್ಬ ವೈದ್ಯೆಯನ್ನು. ಅದು ನಿಲ್ಲಲಿಲ್ಲ. 2025ರ ಮೇನಲ್ಲಿ ಕೇಸಿ ಮೀನ್ಸ್ ಅವರನ್ನು ಹೆಸರಿಸಿದರು. ಸ್ಟ್ಯಾನ್‌ಫರ್ಡ್‌ನಲ್ಲಿ ಓದಿದವರು, ಶಸ್ತ್ರಚಿಕಿತ್ಸೆಯ ತರಬೇತಿಯನ್ನು ನಡುವೆಯೇ ಬಿಟ್ಟು, ಪುಸ್ತಕ, ಪಾಡ್‌ಕಾಸ್ಟ್, ಇನ್‌ಸ್ಟಾಗ್ರಾಂಗಳಲ್ಲಿ ಆರೋಗ್ಯದ ಮಾತಾಡಿ ಹೆಸರಾದವರು. ಅವರು ಹೇಳುವ ಕೆಲವು ಮಾತು ಸರಿಯೇ, ಪ್ಯಾಕೆಟ್ ತಿಂಡಿ ಕಡಿಮೆ ತಿನ್ನಿ ಅನ್ನುವುದನ್ನು ಯಾರು ಬೇಡ ಅಂತಾರೆ? ಆದರೆ ಒಂದು ದೇಶದ ಆರೋಗ್ಯದ ದನಿಯಾಗಲು ಬೇಕಾದ ಯೋಗ್ಯತೆ ಯಾವುದು ಅನ್ನುವ ಅಳತೆಗೋಲೇ ಬದಲಾಗಿದೆ. ಎಷ್ಟು ರೋಗಿಗಳನ್ನು ನೋಡಿದ್ದೀರಿ ಅಂತ ಕೇಳುತ್ತಿದ್ದ ಜಾಗದಲ್ಲಿ ಎಷ್ಟು ಜನ ನಿಮ್ಮನ್ನು ನೋಡುತ್ತಾರೆ ಅಂತ ಕೇಳುತ್ತಿದ್ದಾರೆ.

ಆಡಳಿತ ಅನ್ನುವುದು ಬಹುಪಾಲು ಬೇಸರದ ಕೆಲಸ. ಕಡತ ಓದುವುದು. ಈ ಪದ ಹಾಕಿದರೆ ಯಾರಿಗೆ ಪೆಟ್ಟು ಬೀಳುತ್ತದೆ ಅಂತ ಯೋಚಿಸುವುದು. ಆದೇಶ ಹೊರಡಿಸುವ ಮೊದಲು ನಾಲ್ಕು ಇಲಾಖೆಗಳನ್ನು ಕೇಳುವುದು. ಕ್ಯಾಮೆರಾಕ್ಕೆ ಇದರಲ್ಲಿ ಏನೂ ಸಿಗುವುದಿಲ್ಲ. ಶೋ ನಡೆಸುವವರಿಗೆ ಬೇಕಾದದ್ದು ಘೋಷಣೆ. ಆ ಬೇಸರದ ಕೆಲಸ ಮಾಡದೆ ಘೋಷಣೆ ಮಾಡಿದರೆ ಏನಾಗುತ್ತದೆ?

2025ರ ಏಪ್ರಿಲ್ 2ರಂದು ಟ್ರಂಪ್ ಶ್ವೇತಭವನದ ಗುಲಾಬಿ ತೋಟದಲ್ಲಿ ದೊಡ್ಡ ಬೋರ್ಡ್ ಹಿಡಿದು ನಿಂತು ದೇಶವಾರು ಸುಂಕ ಓದಿದರು. ಬೋರ್ಡಿನಲ್ಲಿ ಭಾರತಕ್ಕೆ 26. ಆದೇಶದ ಜೊತೆಗಿದ್ದ ಪಟ್ಟಿಯಲ್ಲಿ 27. ಪಟ್ಟಿಯನ್ನು ಆಮೇಲೆ ತಿದ್ದಿದರು. ಹರ್ಡ್ ಮತ್ತು ಮೆಕ್‌ಡೊನಾಲ್ಡ್ ಅನ್ನುವ ದ್ವೀಪಗಳ ಮೇಲೂ 10 ಪರ್ಸೆಂಟ್ ಸುಂಕ ಬಿದ್ದಿತ್ತು. ಅಲ್ಲಿ ಜನವಸತಿ ಇಲ್ಲ, ಇರುವುದು ಪೆಂಗ್ವಿನ್‌ಗಳು, ಸೀಲ್‌ಗಳು. ಜನ ನಕ್ಕರು. ನನಗೆ ನಗು ಬರಲಿಲ್ಲ. ಒಬ್ಬ ಗುಮಾಸ್ತೆ ಒಂದು ಸಂಜೆ ಕೂತು ಪಟ್ಟಿ ನೋಡಿದ್ದರೆ ಸಿಗುತ್ತಿದ್ದ ತಪ್ಪುಗಳು ಅವು. ಆ ಸಂಜೆಯನ್ನು ಯಾರಿಗೂ ಕೊಡಲಿಲ್ಲ.

ಈಗ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ನನ್ನ ಅಣ್ಣನ ಮಗ ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಎಚ್-1ಬಿ ವೀಸಾ. ಅಣ್ಣ ತೀರಿಕೊಂಡ ಮೇಲೆ ಬಂದ ಮೊದಲ ಮಹಾಲಯ ಅಮಾವಾಸ್ಯೆಗೆ ಅಂತ 2025ರಲ್ಲಿ ಊರಿಗೆ ಬಂದಿದ್ದ. ಅಮಾವಾಸ್ಯೆ ಸೆಪ್ಟೆಂಬರ್ 21, ಭಾನುವಾರ. ಶನಿವಾರ ಬೆಳಿಗ್ಗೆ ಆರು ಗಂಟೆಗೆ ಅವನ ಫೋನು ಒಂದೇ ಸಮ ಬಡಿದುಕೊಳ್ಳಲು ಶುರುವಾಯಿತು. ಅಮೆರಿಕದಲ್ಲಿ ಶುಕ್ರವಾರ ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿದ್ದರು. ಎಚ್-1ಬಿಗೆ ಒಂದು ಲಕ್ಷ ಡಾಲರ್ ಶುಲ್ಕ, ಭಾನುವಾರದಿಂದಲೇ ಜಾರಿ. ಹೊರಗಿರುವವರೆಲ್ಲ ಅಷ್ಟರೊಳಗೆ ವಾಪಸ್ ಬನ್ನಿ ಅಂತ ಅವನ ಆಫೀಸಿನಿಂದ ಮೇಲಿನ ಮೇಲೆ ಮೇಲ್.

ನಮ್ಮ ಗಡಿಯಾರದಲ್ಲಿ ಉಳಿದದ್ದು ಇಪ್ಪತ್ತೇಳು ಗಂಟೆ. ಇಲ್ಲಿಂದ ಬೆಂಗಳೂರು ಏರ್‌ಪೋರ್ಟಿಗೇ ಏಳು ಗಂಟೆ ಬೇಕು. ಅವನು ಹಲ್ಲುಜ್ಜದೆ ಜಗಲಿಯಲ್ಲಿ ನಿಂತಿದ್ದ.

"ಚಿಕ್ಕಪ್ಪಾ, ಈಗಾಗಲೇ ವೀಸಾ ಇರೋರಿಗೂ ಅನ್ವಯ ಆಗುತ್ತಾ ಇಲ್ವಾ ಅಂತ ಅದರಲ್ಲಿ ಬರೆದೇ ಇಲ್ಲ" ಅಂದ. ನಾಲ್ಕು ಸಲ ಓದಿದ್ದ. ನನಗೂ ಓದಿಸಿದ. ಅದರಲ್ಲಿ ಸ್ಪಷ್ಟವಾಗಿ ಇರಲಿಲ್ಲ. ಆ ಶುಲ್ಕ ಪ್ರತಿ ವರ್ಷ ಅಂತ ವಾಣಿಜ್ಯ ಮಂತ್ರಿ ಕ್ಯಾಮೆರಾ ಮುಂದೆ ಹೇಳಿದ್ದರು.

ಅತ್ತಿಗೆ ಒಳಗೆ ಹೋದರು. ಮರುದಿನಕ್ಕೆ ಅಂತ ತಂದಿಟ್ಟಿದ್ದ ಬಾಳೆಲೆ ತೊಳೆದರು. ಅಕ್ಕಿ ನೆನೆದಿರಲಿಲ್ಲ, ಉದ್ದು ನೆನೆದಿರಲಿಲ್ಲ. ಅನ್ನ ಬೇಯಿಸಿ, ತುಪ್ಪ, ಬೆಲ್ಲ, ಬಾಳೆಹಣ್ಣು ಇಟ್ಟು, ಅಣ್ಣನ ಫೋಟೋ ಮುಂದೆ ಹೊಸ ಪಂಚೆ ಮಡಿಸಿಟ್ಟರು. "ಒಂದು ದಿನ ಮೊದಲೇ ಎಡೆ ಇಟ್ಟರೆ ನಿಮ್ಮಪ್ಪ ಬೇಜಾರು ಮಾಡ್ಕೊಳಲ್ಲ, ಕೈ ಮುಗಿದು ಹೊರಡು ಮಗಾ" ಅಂದರು. ಎಂಟು ಗಂಟೆಗೆ ಕಾರು ಹೊರಟಿತು. ತಿಪಟೂರು ದಾಟಿದ ಮೇಲೆ ಫೋನ್ ಮಾಡಿ, ಟಿಕೆಟ್ ದರ ನೋಡನೋಡುತ್ತಲೇ ಏರುತ್ತಿದೆ ಅಂದ. ಮಧ್ಯಾಹ್ನ ಏರ್‌ಪೋರ್ಟ್ ತಲುಪಿದ, ವಿಮಾನ ಸಿಕ್ಕಿದ್ದು ಬೆಳಗಿನ ಜಾವಕ್ಕೆ. ಅಂದರೆ ಎಷ್ಟು ಓಡಿದರೂ ಗಡುವಿನೊಳಗೆ ತಲುಪುವ ಹಾಗಿರಲಿಲ್ಲ. ಅಲ್ಲಿ ಅವನ ಹಾಗೆಯೇ ಬ್ಯಾಗ್ ಮೇಲೆ ಕೂತ ಹುಡುಗರು ಸುಮಾರು ಜನ. ಒಬ್ಬಳು ಹುಡುಗಿ ತಂಗಿಯ ಮದುವೆ ಬಿಟ್ಟು ಬಂದಿದ್ದಳಂತೆ, ಕೈಯಲ್ಲಿ ಮದರಂಗಿ ಇತ್ತಂತೆ.

ಅಮೆರಿಕದ ಶನಿವಾರ ಮುಗಿಯುವ ಮೊದಲು ಶ್ವೇತಭವನದ ವಕ್ತಾರೆ ಸ್ಪಷ್ಟನೆ ಹಾಕಿದರು. ಪ್ರತಿ ವರ್ಷ ಅಲ್ಲ, ಒಂದೇ ಸಲ. ಹೊಸ ಅರ್ಜಿಗಳಿಗೆ ಮಾತ್ರ. ಈಗಾಗಲೇ ವೀಸಾ ಇರುವವರು ಓಡಾಡಬಹುದು. ಇಷ್ಟೇ. ಮೂರು ಸಾಲು. ಆ ಮೂರು ಸಾಲು ಶುಕ್ರವಾರ ಸಹಿ ಹಾಕಿದ ಕಾಗದದಲ್ಲೇ ಇದ್ದಿದ್ದರೆ ಅಣ್ಣನಿಗೆ ಅಮಾವಾಸ್ಯೆಯ ದಿನವೇ ಮಗನ ಕೈಯಿಂದ ಎಡೆ ಸಿಗುತ್ತಿತ್ತು. ಅಷ್ಟು ಹೊತ್ತಿಗೆ ಅವನು ಚೆಕ್-ಇನ್ ಆಗಿದ್ದ. ಆಫೀಸಿನವರು ಯಾವುದಕ್ಕೂ ಬಂದುಬಿಡು ಅಂದರು. ಹೋದ.

ಎಚ್-1ಬಿಯಲ್ಲಿ ಸರಿಪಡಿಸಬೇಕಾದದ್ದು ಇದೆ. ಕಡಿಮೆ ಸಂಬಳಕ್ಕೆ ಜನ ತರಲು ಅದನ್ನು ಬಳಸಿದ ಕಂಪನಿಗಳಿವೆ, ಅಮೆರಿಕದ ಕೆಲಸಗಾರರು ಸಿಟ್ಟಾಗುವುದರಲ್ಲಿ ನ್ಯಾಯವಿದೆ. ಅದನ್ನು ಕೂತು ಬರೆದು, ಯಾರಿಗೆ, ಯಾವಾಗಿನಿಂದ, ಎಷ್ಟು ಅಂತ ಹೇಳಿ ಮಾಡಬಹುದಿತ್ತು. ಅವತ್ತು ಸಹಿಯ ಮೇಜಿನ ಹತ್ತಿರ ಹತ್ತು ಲಕ್ಷ ಡಾಲರ್ ಕೊಟ್ಟವರಿಗೆ ಅಮೆರಿಕದಲ್ಲಿ ನೆಲೆಸಲು ಬಿಡುವ ಗೋಲ್ಡ್ ಕಾರ್ಡ್‌ನ ಚಿತ್ರ ಮಾತ್ರ ಸಿದ್ಧವಾಗಿತ್ತು.

ಆ ವಾರ ಅಮೆರಿಕದ ಟಿವಿ ಯಾವುದರ ಬಗ್ಗೆ ಮಾತಾಡುತ್ತಿತ್ತು ಗೊತ್ತಾ? ಜಿಮ್ಮಿ ಕಿಮ್ಮೆಲ್ ಅನ್ನುವ ರಾತ್ರಿ ಶೋ ಹಾಸ್ಯಗಾರನ ಬಗ್ಗೆ. ನಾನೂ ಶುಕ್ರವಾರ ರಾತ್ರಿಯವರೆಗೆ ಅದನ್ನೇ ನೋಡುತ್ತಿದ್ದೆ. ಅದೂ ಸಣ್ಣ ವಿಷಯವಲ್ಲ.

ಸೆಪ್ಟೆಂಬರ್ 10ರಂದು ಯೂಟಾದ ಒಂದು ವಿಶ್ವವಿದ್ಯಾಲಯದಲ್ಲಿ ಟ್ರಂಪ್ ಬೆಂಬಲಿಗ ಚಾರ್ಲಿ ಕರ್ಕ್ ವಿದ್ಯಾರ್ಥಿಗಳ ಜೊತೆ ಚರ್ಚೆಗೆ ಕೂತಿದ್ದಾಗ ಗುಂಡೇಟಿಗೆ ಬಲಿಯಾದರು. ಅವರ ವಿಚಾರ ನನಗೆ ಒಪ್ಪಿಗೆಯಿರಲಿಲ್ಲ. ಮಾತಾಡುತ್ತಿದ್ದ ಮನುಷ್ಯನನ್ನು, ಇಬ್ಬರು ಪುಟ್ಟ ಮಕ್ಕಳ ಅಪ್ಪನನ್ನು ಕೊಂದರು. ಅದು ಘೋರ. ಸೆಪ್ಟೆಂಬರ್ 15ರಂದು ಎಬಿಸಿ ವಾಹಿನಿಯ ರಾತ್ರಿ ಶೋದಲ್ಲಿ ಕಿಮ್ಮೆಲ್, ಕೊಂದವನು ತಮ್ಮ ಕಡೆಯವನಲ್ಲ ಅಂತ ತೋರಿಸಲು ಟ್ರಂಪ್ ಬಳಗ ಒದ್ದಾಡುತ್ತಿದೆ ಅನ್ನುವ ಅರ್ಥದ ಮಾತಾಡಿದರು. ಅವಸರದ ಮಾತು ಅದು, ಆಡಬಾರದಿತ್ತು. ಹದಿನೇಳರಂದು ಎಫ್‌ಸಿಸಿ ಅಧ್ಯಕ್ಷ ಬ್ರೆಂಡನ್ ಕಾರ್ ಒಂದು ಪಾಡ್‌ಕಾಸ್ಟ್‌ನಲ್ಲಿ, ಇದನ್ನು ಸುಲಭದ ದಾರಿಯಲ್ಲಿ ಮುಗಿಸಬಹುದು ಅಥವಾ ಕಷ್ಟದ ದಾರಿಯಲ್ಲಿ ಮುಗಿಸಬಹುದು ಅಂದರು. ಟಿವಿ ಸ್ಟೇಷನ್‌ಗಳಿಗೆ ಲೈಸೆನ್ಸ್ ಕೊಡುವ ಸಂಸ್ಥೆಯ ಅಧ್ಯಕ್ಷರ ಮಾತು. ಕೆಲವೇ ಗಂಟೆಗಳಲ್ಲಿ, ಊರೂರಿನ ಟಿವಿ ಸ್ಟೇಷನ್‌ಗಳ ಒಡೆತನವಿರುವ ನೆಕ್ಸ್‌ಸ್ಟಾರ್ ಕಂಪನಿ ತನ್ನ ಸ್ಟೇಷನ್‌ಗಳಲ್ಲಿ ಶೋ ನಿಲ್ಲಿಸುತ್ತೇವೆ ಅಂದಿತು. ಆ ಕಂಪನಿಯ 620 ಕೋಟಿ ಡಾಲರಿನ ಒಂದು ಖರೀದಿಗೆ ಇದೇ ಎಫ್‌ಸಿಸಿಯ ಒಪ್ಪಿಗೆ ಬೇಕಿತ್ತು. ಅಂಥದೇ ಇನ್ನೊಂದು ಕಂಪನಿ ಸಿಂಕ್ಲೇರ್ ಕೂಡ ಅದೇ ದಾರಿ ಹಿಡಿಯಿತು. ಎಬಿಸಿ ಶೋ ನಿಲ್ಲಿಸಿತು.

ಇದಕ್ಕೂ ಎರಡು ತಿಂಗಳ ಹಿಂದೆ, ಸಿಬಿಎಸ್ ವಾಹಿನಿಯ ರಾತ್ರಿ ಶೋ ನಡೆಸುತ್ತಿದ್ದ ಸ್ಟೀಫನ್ ಕೋಲ್ಬೇರ್ ಕಥೆ. ಸಿಬಿಎಸ್‌ನ ಮಾತೃಸಂಸ್ಥೆ ಪ್ಯಾರಾಮೌಂಟ್, ಟ್ರಂಪ್ ಹಾಕಿದ ಕೇಸಿನಲ್ಲಿ 1 ಕೋಟಿ 60 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಕೋಲ್ಬೇರ್ ಅದನ್ನು ಲಂಚ ಅಂತ ತಮ್ಮ ಶೋದಲ್ಲೇ ಹೇಳಿದರು. ಮೂರು ದಿನದ ನಂತರ, ಜುಲೈ 17ರಂದು, ಅವರ ಶೋ 2026ರ ಮೇಗೆ ಮುಗಿಯುತ್ತದೆ ಅಂತ ಪ್ರಕಟವಾಯಿತು. ಮತ್ತೊಂದು ವಾರಕ್ಕೆ ಪ್ಯಾರಾಮೌಂಟ್ ಮಾರಾಟಕ್ಕೆ ಎಫ್‌ಸಿಸಿ ಒಪ್ಪಿಗೆ ಕೊಟ್ಟಿತು. ಶೋ ನಿಲ್ಲಿಸಿದ್ದು ಬರೀ ಹಣಕಾಸಿನ ಕಾರಣಕ್ಕೆ ಅಂತ ಸಿಬಿಎಸ್ ಹೇಳಿತು. ಇರಬಹುದು, ರಾತ್ರಿ ಶೋಗಳ ಜಾಹೀರಾತು ಇಳಿದಿದೆ. ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ ನೀವೇ ತೀರ್ಮಾನಿಸಿ.

ಲೋಕದ ಅತಿ ದೊಡ್ಡ ಅಧಿಕಾರದ ಕುರ್ಚಿಯಲ್ಲಿ ಕೂತವರಿಗೆ ರಾತ್ರಿ ಹನ್ನೊಂದೂವರೆಗೆ ಜೋಕ್ ಹೇಳುವವರ ಮೇಲೆ ಇಷ್ಟು ಸಿಟ್ಟು ಯಾಕೆ? ಟ್ರಂಪ್ ಬರೆದದ್ದನ್ನು ಓದಿದರೆ ಉತ್ತರ ಸಿಗುತ್ತದೆ. ಕಿಮ್ಮೆಲ್‌ಗೆ ಪ್ರತಿಭೆ ಇಲ್ಲ, ರೇಟಿಂಗ್ ಇಲ್ಲ. ಕೋಲ್ಬೇರ್‌ಗೆ ರೇಟಿಂಗಿಗಿಂತಲೂ ಕಡಿಮೆ ಪ್ರತಿಭೆ. ಇದು ಒಬ್ಬ ಆಳುವವನು ಟೀಕಾಕಾರನ ಬಗ್ಗೆ ಆಡುವ ಮಾತಿನ ಹಾಗಿಲ್ಲ. ಒಂದೇ ಬೀದಿಯಲ್ಲಿ ಅಂಗಡಿ ಇಟ್ಟವನು ಪಕ್ಕದ ಅಂಗಡಿಯವನ ಬಗ್ಗೆ ಆಡುವ ಮಾತು. ಅವರು ತಮ್ಮನ್ನು ಅದೇ ವ್ಯಾಪಾರದವರು ಅಂದುಕೊಂಡಿದ್ದಾರೆ. ವ್ಯತ್ಯಾಸ ಇಷ್ಟೇ, ಈ ಅಂಗಡಿಯವರ ಕೈಯಲ್ಲಿ ಲೈಸೆನ್ಸ್ ಕೊಡುವ ಇಲಾಖೆ ಇದೆ.

ಆದರೆ ಒಂದು ಒಳ್ಳೆಯದೂ ಆಯಿತು. ಟ್ರಂಪ್ ಅವರದೇ ರಿಪಬ್ಲಿಕನ್ ಪಕ್ಷದ ಸೆನೆಟರ್ ಟೆಡ್ ಕ್ರೂಜ್, ಕಿಮ್ಮೆಲ್‌ನನ್ನು ಕಂಡರೆ ಆಗದವರು, ಕಾರ್ ಮಾತು ಸಿನಿಮಾದ ರೌಡಿಯ ಮಾತಿನ ಹಾಗಿದೆ, ನಾಳೆ ಬೇರೆಯವರು ಬಂದು ಇದೇ ಅಸ್ತ್ರವನ್ನು ನಮ್ಮ ಮೇಲೆ ಬಿಡುತ್ತಾರೆ ಅಂದರು. ಜನ ಎಬಿಸಿಯ ಒಡೆಯ ಡಿಸ್ನಿಯ ಚಂದಾ ರದ್ದು ಮಾಡಿದರು. ಸೆಪ್ಟೆಂಬರ್ 23ಕ್ಕೆ ಕಿಮ್ಮೆಲ್ ವಾಪಸ್ ಬಂದರು. ಎರಡು ದಿನ ಮೊದಲು, ನಮ್ಮ ಅಮಾವಾಸ್ಯೆಯ ದಿನವೇ, ಚಾರ್ಲಿ ಕರ್ಕ್ ಅವರ ಹೆಂಡತಿ ಗಂಡನನ್ನು ಕೊಂದವನನ್ನು ಕ್ಷಮಿಸುತ್ತೇನೆ ಅಂದಿದ್ದರು. ಅದನ್ನು ನೆನೆದು ಕಿಮ್ಮೆಲ್ ಕಣ್ಣೀರು ಹಾಕಿದರು. ಅಷ್ಟು ದಿನಗಳ ಗಲಾಟೆಯಲ್ಲಿ ಮನುಷ್ಯರ ಹಾಗೆ ಮಾತಾಡಿದವರು ಆ ಹೆಣ್ಣುಮಗಳು ಮತ್ತು ಅವತ್ತಿನ ಕಿಮ್ಮೆಲ್, ಇವರಿಬ್ಬರೇ ಅಂತ ನನಗನ್ನಿಸಿತು.

ಎದುರು ಪಕ್ಷದ ಡೆಮಾಕ್ರಟರನ್ನು ಬಿಟ್ಟುಬಿಡುವಂತಿಲ್ಲ. 2024ರ ಜೂನ್ 15ರಂದು ಲಾಸ್ ಏಂಜಲೀಸ್‌ನಲ್ಲಿ ಜಾರ್ಜ್ ಕ್ಲೂನಿ, ಜೂಲಿಯಾ ರಾಬರ್ಟ್ಸ್ ಸೇರಿ ಬೈಡನ್‌ಗಾಗಿ ಒಂದೇ ರಾತ್ರಿ ಸುಮಾರು 3 ಕೋಟಿ ಡಾಲರ್ ಎತ್ತಿದರು. ಹನ್ನೆರಡು ದಿನದ ನಂತರದ ಟಿವಿ ಚರ್ಚೆಯಲ್ಲಿ ಬೈಡನ್ ಮಾತು ತಡವರಿಸಿದ್ದನ್ನು ಇಡೀ ಲೋಕ ನೋಡಿತು. ಜುಲೈ 10ಕ್ಕೆ ಕ್ಲೂನಿ ಪತ್ರಿಕೆಯಲ್ಲಿ ಬರೆದರು, ಆ ರಾತ್ರಿ ನಾನು ಕಂಡ ಬೈಡನ್ ಚರ್ಚೆಯಲ್ಲಿ ನೀವು ಕಂಡವರೇ ಅಂತ. ಬರೆದದ್ದು ಸರಿ. ಆದರೆ ದಿನವೂ ಅಧ್ಯಕ್ಷರನ್ನು ನೋಡುತ್ತಿದ್ದ ಪಕ್ಷದ ಹಿರಿಯರು ಎಲ್ಲಿದ್ದರು? ಹೇಳಲು ಒಬ್ಬ ನಟ ಬೇಕಾಯಿತು.

ಬೈಡನ್ ಹಿಂದೆ ಸರಿದು ಕಮಲಾ ಹ್ಯಾರಿಸ್ ಅಭ್ಯರ್ಥಿಯಾಗಿ ಬಂದ ಮೇಲೆ ತಾರೆಯರ ಸಾಲೇ ಬಂತು. ಟೇಲರ್ ಸ್ವಿಫ್ಟ್ ಬೆಂಬಲ ಕೊಟ್ಟು ಹಾಕಿದ ಲಿಂಕ್‌ನಿಂದ ಒಂದೇ ದಿನ 4 ಲಕ್ಷಕ್ಕೂ ಹೆಚ್ಚು ಜನ ಮತದಾರರ ಮಾಹಿತಿಯ ಸರ್ಕಾರಿ ತಾಣಕ್ಕೆ ಹೋದರು. ಬಿಯಾನ್ಸೆ ಹ್ಯೂಸ್ಟನ್‌ಗೆ ಬಂದರು, ಓಪ್ರಾ ಫಿಲಡೆಲ್ಫಿಯಾಗೆ ಬಂದರು. ಹ್ಯಾರಿಸ್ ಏಳೂ ನಿರ್ಣಾಯಕ ರಾಜ್ಯಗಳಲ್ಲಿ ಸೋತರು. ಮೊಟ್ಟೆಯ ಬೆಲೆ ಏರಿದೆ ಅಂತ ಸಂಕಟಪಡುತ್ತಿದ್ದ ಮನೆಯವರ ಮುಂದೆ ಕೋಟ್ಯಧಿಪತಿ ಹಾಡುಗಾರ್ತಿಯನ್ನು ನಿಲ್ಲಿಸಿದರೆ ಅವರಿಗೆ ಏನನ್ನಿಸೀತು? ಆ ಪಕ್ಷ ಇದನ್ನು ಯೋಚಿಸಲಿಲ್ಲ ಅನ್ನುವುದು ನನಗೆ ಇವತ್ತಿಗೂ ಬೇಸರ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹಿರಿಯರೊಬ್ಬರು ರಾಜ್‌ಕುಮಾರ್ ಹೆಸರು ಎತ್ತಿದರು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಎದುರು ನಿಲ್ಲಿ ಅಂತ ಎಷ್ಟು ಒತ್ತಾಯವಿತ್ತು, ಅವರು ನಿಲ್ಲಲಿಲ್ಲ ಅಂತ ನೆನಪಿಸಿದರು. ನಾನದನ್ನು ಮರೆತೇಬಿಟ್ಟಿದ್ದೆ, ಭಾಷಣದಲ್ಲೇ ಹೇಳಬೇಕಿತ್ತು. ಕಾಲೇಜು ಹುಡುಗನೊಬ್ಬ, ಟಿವಿಯವರು ಹಾಗೆ ತೋರಿಸುತ್ತಾರೆ, ನಾವೇನು ಮಾಡೋಕಾಗುತ್ತೆ ಸಾರ್ ಅಂದ. ಅವನಿಗೆ ನಾನು ಹೇಳಿದ್ದು ಇಷ್ಟು: ಒಂದು ಸುದ್ದಿ ನೋಡಿದಾಗ ಆದೇಶದ ಕಾಗದ ಎಲ್ಲಿದೆ ಅಂತ ಹುಡುಕಪ್ಪಾ, ಈಗ ಎಲ್ಲ ನೆಟ್‌ನಲ್ಲೇ ಸಿಗುತ್ತೆ, ಅದನ್ನು ಓದು. ಅಣ್ಣನ ಮಗ ಅವತ್ತು ಜಗಲಿಯಲ್ಲಿ ನಿಂತು ಮಾಡಿದ್ದು ಅದನ್ನೇ.

ಹಿಂದಿನ ಸಾಲಿನಲ್ಲಿ ಕೂತಿದ್ದ ಅಮ್ಮನೊಬ್ಬರು ಎದ್ದು, "ಆ ಹುಡುಗ ಏನಾದ?" ಅಂತ ಕೇಳಿದರು.

ಚೆನ್ನಾಗಿದ್ದಾನೆ. ಕೆಲಸ ಇದೆ. ಮುಂದಿನ ಪಿತೃಪಕ್ಷಕ್ಕೆ ಖಂಡಿತ ಬರುತ್ತೇನೆ ಅಂತ ಅಮ್ಮನಿಗೆ ಹೇಳಿದ್ದಾನೆ. ಅತ್ತಿಗೆ ಹೊಸ ಪಂಚೆ ತಂದಿಟ್ಟಿದ್ದಾರೆ. ಟಿಕೆಟ್ ಮಾತ್ರ ಇನ್ನೂ ಬುಕ್ ಮಾಡಿಲ್ಲ. ಕೇಳಿದರೆ, ನೋಡೋಣ ಚಿಕ್ಕಪ್ಪಾ, ಹತ್ತಿರ ಬರಲಿ ಅನ್ನುತ್ತಾನೆ.